ಭದ್ರಾವತಿಯ ‘ಹೊಸ ಸೇತುವೆ’ ಮಳೆಗಾಲದಲ್ಲಿ ಯಾಕೆ ಮುಳುಗುತ್ತೆ?

ಕಡೂರು, ತರೀಕೆರೆ ದಾಟಿ ಶಿವಮೊಗ್ಗದ ಕಡೆ ಹೊರಟರೆ ಭದ್ರಾವತಿ ಸಿಗುತ್ತೆ. ಭದ್ರಾ ನದಿ ಊರಿನ ಮಧ್ಯೆಯೇ ಹರಿಯುತ್ತೆ. ಎರಡು ದಡಗಳನ್ನು ಜೋಡಿಸೋ ಸೇತುವೆಗಳಲ್ಲಿ ಒಂದಕ್ಕೆ ಜನ ಇಟ್ಟಿರೋ ಹೆಸರು ಹಳೇ ಸೇತುವೆ, ಇನ್ನೊಂದಕ್ಕೆ ಹೊಸ ಸೇತುವೆ. ವಿಚಿತ್ರ ಏನಂದ್ರೆ, ಡ್ಯಾಂ ಗೇಟ್ ತೆಗೆದಾಗ ಮುಳುಗೋದು ಹೊಸದು.

ನೀರು ಎಲ್ಲಿಂದ?
ಭದ್ರಾ ಅಣೆಕಟ್ಟು ಇರೋದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಗರಿಷ್ಠ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ. ಕುದುರೆಮುಖ, ಕಳಸ, ಬಾಳೆಹೊನ್ನೂರಿನ ಮಳೆನೀರೆಲ್ಲ ಇಲ್ಲಿಗೇ ಬರುತ್ತೆ. ಡ್ಯಾಂ ತುಂಬಿದ ಮೇಲೆ ಒಳಹರಿವು ಎಷ್ಟೋ ಅಷ್ಟನ್ನು ಹೊರಗೆ ಬಿಡಲೇಬೇಕು. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. 50 ಸಾವಿರ ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ 14 ಲಕ್ಷ ಲೀಟರ್.

ಮೊದಲೇ ಖಾಲಿ ಮಾಡಬಾರದಾ?
ಇಂಜಿನಿಯರಿಂಗ್ ಓದಿದ ನನಗೂ ಮೊದಲು ಹೊಳೆದ ಪ್ರಶ್ನೆ ಇದೇ. ಉತ್ತರ ಸುಲಭ ಅಲ್ಲ. 2023ರಲ್ಲಿ ಮಳೆ ಕೈಕೊಟ್ಟು ಡ್ಯಾಂ ತುಂಬಲೇ ಇಲ್ಲ. ಅಚ್ಚುಕಟ್ಟಿನ ರೈತರು ನಾಲೆ ನೀರಿಗೆ ಬೀದಿಗಿಳಿದರು. ಮರುವರ್ಷ ಜುಲೈ ಕೊನೆಯಲ್ಲೇ ಗೇಟ್ ತೆಗೆಯಬೇಕಾಯ್ತು. ಶಿವಮೊಗ್ಗ, ದಾವಣಗೆರೆಯ ಭತ್ತ ಮತ್ತು ಅಡಿಕೆಗೆ ಇದೇ ನೀರು ಆಧಾರ. ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗಕ್ಕೆ ನೀರು ಒಯ್ಯೋ ಭದ್ರಾ ಮೇಲ್ದಂಡೆ ಯೋಜನೆಯ ಬೇಡಿಕೆಯೂ ಸೇರಿದೆ. ಹೀಗಾಗಿ ತುಂಬಿಸಿಟ್ಟುಕೊಳ್ಳೋ ಒತ್ತಡ ಜಾಸ್ತಿ.

ಹಾಗಾದ್ರೆ ಸೇತುವೆ?
ಸೇತುವೆಯ ಎತ್ತರ ನಿರ್ಧರಿಸೋದು ಪ್ರವಾಹದ ಮಟ್ಟ ಮತ್ತು ದುಡ್ಡು. ತಗ್ಗಿನಲ್ಲಿ ಕಟ್ಟಿದರೆ ಖರ್ಚು ಕಡಿಮೆ, ಆದರೆ ಉಳಿತಾಯದ ಬೆಲೆ ಪ್ರತಿ ಪ್ರವಾಹದಲ್ಲೂ ಜನ ತೆರಬೇಕು. ಸಂಚಾರ ಬಂದ್ ಆದರೆ ಸುತ್ತು ಹಾಕೋದು ಶಾಲೆ ಮಕ್ಕಳು, ಕೂಲಿಯವರು, ಆಂಬುಲೆನ್ಸ್. ಕವಲಗುಂದಿಯಂಥ ತಗ್ಗು ಪ್ರದೇಶದವರಿಗಂತೂ ಮನೆಯೇ ಪ್ರಶ್ನೆ.

ಏನು ಕೇಳಬೇಕು?
ಸೇತುವೆ ಎತ್ತರಿಸೋದಕ್ಕೆ ವರ್ಷಗಳು ಬೇಕು. ಅದಕ್ಕೂ ಮೊದಲು ಆಗಬಹುದಾದ ಕೆಲಸ ಇದೆ: ಎಷ್ಟು ಕ್ಯೂಸೆಕ್ ಬಿಟ್ಟರೆ, ಎಷ್ಟು ಗಂಟೆಯಲ್ಲಿ, ನೀರು ಸೇತುವೆ ಮುಟ್ಟುತ್ತೆ ಅನ್ನೋ ಪಟ್ಟಿ ಪ್ರತಿ ವಾರ್ಡಿನಲ್ಲೂ ಕಾಣೋ ಹಾಗಿರಬೇಕು. ಗೇಟ್ ತೆರೆಯೋದು ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕಿನಲ್ಲಿ, ಮುಳುಗೋದು ಶಿವಮೊಗ್ಗ ಜಿಲ್ಲೆಯ ಊರು. ಮುನ್ಸೂಚನೆ ಜಿಲ್ಲೆಯ ಗಡಿಯಲ್ಲಿ ನಿಲ್ಲಬಾರದು. ಮುಂದಿನ ಸಲ ಮತ ಕೇಳೋಕೆ ಬಂದವರ ಹತ್ತಿರ ಈ ಪಟ್ಟಿ ಎಲ್ಲಿ ಅಂತ ಕೇಳಿ.