ಜಮೈಕಾ ಹೊರತರದ ಅಂಚೆಚೀಟಿ

ಅಂಚೆಚೀಟಿಯ ಬೆಲೆಯನ್ನು ಕಳೆಯುವ ಮುದ್ರೆಗಳು ಎರಡು ಬಗೆಯವು. ಚೀಟಿ ತನ್ನ ಕೆಲಸ ಮುಗಿಸಿತೆಂದು ಹೇಳುವುದು ರದ್ದು ಮುದ್ರೆ. ಅದನ್ನು ಅಂಚೆಗೆ ಬಳಸುವಂತಿಲ್ಲವೆಂದು ಮೊದಲೇ ಸಾರುವುದು 'ಸ್ಪೆಸಿಮನ್' ಎಂಬ ಮೇಲ್ಮುದ್ರೆ. ಆದರೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕೆರಿಬಿಯನ್ ದ್ವೀಪಗಳ ಚರಿತ್ರೆಯನ್ನು ಅರಸುವವರಿಗೆ ಈ ಎರಡೂ ಮುದ್ರೆಗಳು ಅಮೂಲ್ಯ ದಾಖಲೆಗಳೇ ಆಗಿವೆ.

1858ರಿಂದ 1860ರವರೆಗೆ ಆ ದ್ವೀಪಗಳಲ್ಲಿ ಹಲವೆಡೆ ಬ್ರಿಟನ್ನಿನ ಚೀಟಿಗಳೇ ಬಳಕೆಯಲ್ಲಿದ್ದವು. ವಿಕ್ಟೋರಿಯಾ ರಾಣಿಯ ಚಿತ್ರವಿದ್ದ ಅದೇ ಚೀಟಿ ಲಂಡನ್ನಿನಲ್ಲೂ ಸಲ್ಲುತ್ತಿತ್ತು, ಕಿಂಗ್‌ಸ್ಟನ್ನಿನಲ್ಲೂ ಸಲ್ಲುತ್ತಿತ್ತು. ವ್ಯತ್ಯಾಸವನ್ನು ತಿಳಿಸುತ್ತಿದ್ದುದು ರದ್ದು ಮುದ್ರೆಯೊಂದೇ. 'ಎ01' ಎಂದಿದ್ದರೆ ಜಮೈಕಾದ ಕಿಂಗ್‌ಸ್ಟನ್. 'ಎ02' ಎಂದಿದ್ದರೆ ಆಂಟಿಗುವಾದ ಸೇಂಟ್ ಜಾನ್ಸ್. 'ಎ15' ಎಂದಿದ್ದರೆ ಗ್ರೆನಡಾ. ಬಿಡಿ ಚೀಟಿಯ ಮೇಲೆ ಆ ಅಂಕೆ ಮಾಸಿದರೆ, ಅದು ಯಾವ ದ್ವೀಪದಿಂದ ಹೊರಟ ಪತ್ರದ್ದೆಂಬುದನ್ನು ತಿಳಿಯಲು ಬೇರೆ ಗುರುತಿಲ್ಲ.

'ಸ್ಪೆಸಿಮನ್' ಮುದ್ರೆಯ ಕಥೆ ಬೇರೆ. 1878ರ ಪ್ಯಾರಿಸ್ ಸಮ್ಮೇಳನದ ತರುವಾಯ ವಿಶ್ವ ಅಂಚೆ ಒಕ್ಕೂಟದ ಸದಸ್ಯ ದೇಶಗಳು ತಮ್ಮ ಚೀಟಿಗಳ ಮಾದರಿಗಳನ್ನು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿದ್ದ ಕಚೇರಿಯ ಮೂಲಕ ಪರಸ್ಪರ ಹಂಚಿಕೊಳ್ಳತೊಡಗಿದವು. ಹೊರದೇಶದ ಪತ್ರದ ಮೇಲಿನ ಚೀಟಿಯನ್ನು ಗುರುತಿಸಲು ಅಂಚೆಯವರಿಗೆ ಅವು ನೆರವಾಗುತ್ತಿದ್ದವು. ಬ್ರಿಟಿಷ್ ವಸಾಹತುಗಳ ಮಾದರಿಗಳ ಮೇಲೆ ಸಾಮಾನ್ಯವಾಗಿ 'ಸ್ಪೆಸಿಮನ್' ಎಂದು ಅಚ್ಚೊತ್ತುತ್ತಿದ್ದರು.

ಈ ಶುಷ್ಕ ಏರ್ಪಾಡಿನ ಮಹತ್ವ ತಿಳಿಯಬೇಕಾದರೆ ಜಮೈಕಾದ ಆರು ಪೆನ್ಸಿನ ಒಂದು ಚೀಟಿಯನ್ನು ನೋಡಬೇಕು. 1919ರಿಂದ ಆ ದ್ವೀಪ ಹೊರತಂದ ಚಿತ್ರಮಾಲಿಕೆಯಲ್ಲಿ ಕೊಲಂಬಸನ ಆಗಮನವಿತ್ತು, ವಿಕ್ಟೋರಿಯಾಳ ಪ್ರತಿಮೆಯಿತ್ತು, ನೌಕಾಧಿಪತಿ ರಾಡ್ನಿಯ ಸ್ಮಾರಕವಿತ್ತು. ಆರು ಪೆನ್ಸಿನ ಚೀಟಿಗೆ ಆರಿಸಿದ್ದ ಚಿತ್ರ ಮಾತ್ರ 1838ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯ ಘೋಷಣೆಯನ್ನು ಓದಿದ ಸಂದರ್ಭದ್ದು. 1834ರಲ್ಲೇ ಗುಲಾಮಗಿರಿ ರದ್ದಾಗಿದ್ದರೂ 'ಅಪ್ರೆಂಟಿಸ್' ಎಂಬ ಹೆಸರಿನಲ್ಲಿ ಕಡ್ಡಾಯ ದುಡಿಮೆ ಮುಂದುವರಿದಿತ್ತು. ಅದಕ್ಕೂ ಕೊನೆ ಬಿದ್ದದ್ದು 1838ರ ಆಗಸ್ಟ್ 1ರಂದು.

1921ರಲ್ಲಿ ಚೀಟಿಗಳು ಅಚ್ಚಾಗಿ ಜಮೈಕಾ ತಲುಪಿದವು. ಆದರೆ ರಾಜಕೀಯ ಕಾರಣಗಳಿಂದ ಸರಕಾರ ಅವುಗಳನ್ನು ಮಾರಾಟಕ್ಕೆ ಬಿಡಲಿಲ್ಲ, ದಾಸ್ತಾನನ್ನು ನಾಶಪಡಿಸಲಾಯಿತು. ಮೇಲ್ಮುದ್ರೆಯಿಲ್ಲದ ಪ್ರತಿಗಳು ಇಂದು ಅತಿ ವಿರಳ. ಆ ಚಿತ್ರವನ್ನು ನಮಗೆ ಮುಖ್ಯವಾಗಿ ಉಳಿಸಿಕೊಟ್ಟಿರುವುದು 'ಸ್ಪೆಸಿಮನ್' ಎಂಬ ಅಚ್ಚು ಬಿದ್ದ ಪ್ರತಿಗಳೇ.

ಸಂಗ್ರಾಹಕರು ಇವುಗಳ ಬೆಲೆಯನ್ನು ವಿರಳತೆಯಿಂದ ಅಳೆಯುತ್ತಾರೆ. ಆದರೆ ಆ ವಿರಳತೆ ಅಚ್ಚಿನ ದೋಷದಿಂದ ಬಂದದ್ದಲ್ಲ, ಆಡಳಿತದ ಅಳುಕಿನಿಂದ ಬಂದದ್ದು. ಕೊಲಂಬಸ್ ಬಂದಿಳಿದುದನ್ನು ಜನರ ಪತ್ರಗಳ ಮೇಲೆ ಅಂಟಿಸಲು ಹಿಂಜರಿಯದ ಸರಕಾರಕ್ಕೆ, ಆ ಜನರ ಪೂರ್ವಜರು ಬಿಡುಗಡೆ ಹೊಂದಿದ ದಿನವನ್ನು ಅಂಟಿಸಲು ಧೈರ್ಯ ಸಾಲಲಿಲ್ಲ.