ಹನ್ನೊಂದರಿಂದ ಮೊದಲಾದ ಮಾಲೆ: ‘ಅಮರ ಚಿತ್ರಕಥೆ’ಯ ಕನ್ನಡ ಮೂಲ

ಹೈದರಾಬಾದಿನ ಅಬಿಡ್ಸ್ ಬೀದಿಯ ಅಂಚಿನಲ್ಲಿ ಭಾನುವಾರಗಳಂದು ನೆರೆಯುವ ಹಳೆಯ ಪುಸ್ತಕಗಳ ಸಂತೆ ಈ ನಗರದ ಗ್ರಂಥಪ್ರಿಯರಿಗೆ ಸುಪರಿಚಿತವಾದುದು. ಮಕ್ಕಳ ರಜೆಯ ಓದಿಗೆಂದು ಸಚಿತ್ರ ಪುಸ್ತಿಕೆಗಳನ್ನು ಅರಸುವವರೂ ಅಲ್ಲಿಗೆ ಬರುವುದುಂಟು. ಇಂತಹ ಸಂತೆಯಲ್ಲಿ ‘ಅಮರ ಚಿತ್ರಕಥೆ’ಯ ಇಂಗ್ಲಿಷ್ ಮಾಲೆಯ ಮೊತ್ತಮೊದಲ ಪುಸ್ತಿಕೆಯಾದ ‘ಕೃಷ್ಣ’ದ ಹಳೆಯ ಪ್ರತಿಯೊಂದು ಕೈಗೆ ಸಿಕ್ಕಿದರೆ, ಅದರ ಕ್ರಮಾಂಕ ಒಂದಲ್ಲ, 11 ಎಂಬುದು ಕಂಡುಬರುತ್ತದೆ. ಅದಕ್ಕೆ ಹಿಂದಿನ ಹತ್ತು ಪುಸ್ತಿಕೆಗಳನ್ನು ಇಂಗ್ಲಿಷಿನಲ್ಲಿ ಎಷ್ಟು ಹುಡುಕಿದರೂ ದೊರೆಯವು. ಅವು ಆ ಭಾಷೆಯಲ್ಲಿ ಅಚ್ಚಾಗಲೇ ಇಲ್ಲ. ಅವು ಹುಟ್ಟಿದ್ದು ಕನ್ನಡದಲ್ಲಿ.

ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು 1965ರ ಸುಮಾರಿಗೆ, ಮಕ್ಕಳಿಗಾಗಿ ಕನ್ನಡದಲ್ಲಿ ಚಿತ್ರಕಥೆಗಳನ್ನು ಹೊರತರಬೇಕೆಂಬ ಸಲಹೆಯನ್ನು ಸಂಸ್ಥೆಯ ಒಡೆಯರಾದ ಮೀರ್‌ಚಂದಾನಿಯವರ ಮುಂದಿಟ್ಟರು. ಅದರ ಫಲವಾಗಿ ಬಂದ ಹತ್ತು ಪುಸ್ತಿಕೆಗಳಲ್ಲಿ ರಾಮನಿಲ್ಲ, ಕೃಷ್ಣನಿಲ್ಲ. ಸಿಂಡರೆಲಾ, ಕೆಂಪು ಟೊಪ್ಪಿಗೆಯ ಹುಡುಗಿ, ಅಲ್ಲಾದೀನ, ಪಿನೋಕಿಯೋ, ಮೂರು ಹಂದಿಮರಿಗಳು, ಹಿಮಬಿಳುಪಿನ ರಾಜಕುಮಾರಿ ಮತ್ತು ಏಳು ಕುಳ್ಳರು, ಇವೇ ಅಲ್ಲಿಯ ವಸ್ತು. ಅಮೆರಿಕೆಯಲ್ಲಿ 1953ರಿಂದ ಪ್ರಕಟವಾಗುತ್ತಿದ್ದ ‘ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್’ ಎಂಬ ಮಾಲೆಯ ಚಿತ್ರಗಳನ್ನೇ ಉಳಿಸಿಕೊಂಡು, ಮಾತನ್ನು ಮಾತ್ರ ಕನ್ನಡಿಸಿದ ಕೃತಿಗಳಿವು.

ಈ ಕ್ರಮದಲ್ಲಿ ಪ್ರಕಾಶಕನಿಗೆ ಅನುಕೂಲವಿತ್ತು. ವರ್ಣಚಿತ್ರಗಳನ್ನು ಹೊಸದಾಗಿ ಬರೆಯಿಸುವ ವೆಚ್ಚ ತಪ್ಪಿತು. ಆದರೆ ಕನ್ನಡ ಬರೆಹಗಾರನಿಗೆ ಅದು ಸುಲಭವಾದ ಕೆಲಸವಲ್ಲ. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳು ಇಂಗ್ಲಿಷಿನ ದೊಡ್ಡಕ್ಷರಗಳ ಅಳತೆಗೆ ಎಳೆದವು. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಎರಡು ಸಾಲುಗಳ ನಡುವೆ ತೆರಪು ಬೇಕೇಬೇಕು. ಅಷ್ಟೇ ಜಾಗದಲ್ಲಿ ಮಾತು ಹಿಡಿಯಬೇಕಾದರೆ ವಾಕ್ಯವನ್ನು ಮೊಟಕುಗೊಳಿಸದೆ ಗತ್ಯಂತರವಿಲ್ಲ.

ಪರದೇಶದ ಕಥೆ ಕನ್ನಡದ ಮಕ್ಕಳಿಗೆ ಹೊಸದಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಬ್ರೌನಿಂಗ್ ಕವಿಯ ಹ್ಯಾಮಲಿನ್ ಪಟ್ಟಣದ ಕೊಳಲುಗಾರನನ್ನು ಕುವೆಂಪು ಅವರು ತುಂಗೆಯ ತೀರದ ಬೊಮ್ಮನಹಳ್ಳಿಗೆ ಕರೆತಂದು, ಅವನ ಕೈಗೆ ಕಿಂದರಿಯನ್ನಿತ್ತು, ಜೋಗಿಯನ್ನಾಗಿ ಮಾಡಿದ್ದರು. ಆ ಕಥೆ ಹೊರಗಿನದೆಂಬ ನೆನಪೂ ಇಂದು ಹೆಚ್ಚಿನವರಿಗಿಲ್ಲ. ಪದ್ಯಕ್ಕೆ ಸಾಧ್ಯವಾದ ಈ ರೂಪಾಂತರ ಚಿತ್ರಕ್ಕೆ ಸಾಧ್ಯವಾಗದು. ಸಿಂಡರೆಲಾ ಎಷ್ಟು ಸೊಗಸಾದ ಕನ್ನಡವನ್ನಾಡಿದರೂ ಅವಳ ಉಡುಪು ಯುರೋಪಿನದಾಗಿಯೇ ಉಳಿಯುತ್ತದೆ. ಮಾಲೆ ಮುಂದೆ ತನ್ನದೇ ಚಿತ್ರಕಾರರನ್ನು ಅರಸಬೇಕಾದುದು ಅನಿವಾರ್ಯವಾಗಿತ್ತೆಂದು ತೋರುತ್ತದೆ.

ಕನ್ನಡ ಪುಸ್ತಿಕೆಗಳ ಮಾರಾಟದಿಂದ ಉತ್ಸಾಹಗೊಂಡ ಪ್ರಕಾಶಕರು ದೇಶವ್ಯಾಪಿ ಪೇಟೆಯನ್ನು ಬಯಸಿ ಇಂಗ್ಲಿಷಿನತ್ತ ತಿರುಗಿದಾಗ ಸಂಪಾದಕರಾಗಿ ಬಂದವರು ಅನಂತ ಪೈ. ಇವರೂ ಕನ್ನಡ ನಾಡಿನವರೇ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿನಲ್ಲಿ ಮುಂಬಯಿ ಸೇರಿದ್ದರು. 1964ರಲ್ಲಿ ಮೊದಲಾದ ‘ಇಂದ್ರಜಾಲ ಕಾಮಿಕ್ಸ್’ನ ಅನುಭವ ಅವರಿಗಿತ್ತು. 1967ರಲ್ಲಿ ದಿಲ್ಲಿಯ ದೂರದರ್ಶನದ ಒಂದು ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣವನ್ನು ಬಲ್ಲ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ಹೋದುದನ್ನು ಕಂಡು ಅವರು ಮರುಗಿದರೆಂಬ ವೃತ್ತಾಂತ ಸರ್ವವಿದಿತ. ಪೈ ಅವರೇ ಬರೆದು, ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’ದಿಂದ ಮಾಲೆ ತಿರುವು ಪಡೆಯಿತು. ಮುಂದೆ ಬಸವೇಶ್ವರ, ಶಾಂತಲೆ, ಕೃಷ್ಣದೇವರಾಯರೂ ಆ ಪಂಕ್ತಿಯನ್ನು ಸೇರಿದರು.

ಪೈ ಅವರ ಸಾಧನೆಯನ್ನು ಕಿರಿದೆನ್ನಲು ಯಾರಿಗೂ ಅಧಿಕಾರವಿಲ್ಲ. 2011ರಲ್ಲಿ ಅವರು ತೀರಿಕೊಂಡಾಗ ಮಾಲೆಯ ಶೀರ್ಷಿಕೆಗಳು ನಾಲ್ಕುನೂರನ್ನು ಮೀರಿದ್ದವು. ಆದರೆ ದಿಲ್ಲಿಯ ರಸಪ್ರಶ್ನೆಯೇ ಮಾಲೆಯ ಹುಟ್ಟಿಗೆ ಕಾರಣವೆಂದು ಬರೆಯುವವರು 11 ಎಂಬ ಅಂಕಕ್ಕೆ ಯಾವ ಸಮಾಧಾನವನ್ನು ಹೇಳುವರು? ಪಾಶ್ಚಾತ್ಯ ಕಥೆಗಳಿಗೆ ಪ್ರತಿಯಾಗಿ ಎದ್ದುದೆಂದು ಹೆಸರಾದ ಮಾಲೆಯ ಮೊದಲ ಹತ್ತು ಮೆಟ್ಟಿಲುಗಳು ಪಾಶ್ಚಾತ್ಯ ಕಥೆಗಳೇ. ಅವನ್ನು ಕಟ್ಟಿದುದು ಬೆಂಗಳೂರಿನ ಪುಸ್ತಕ ವ್ಯಾಪಾರ. ಇಂಗ್ಲಿಷ್ ಮಾಲೆಯೇ ದೇಶಭಾಷೆಗಳಿಗೆ ದಾರಿ ತೋರಿತೆಂಬ ನಂಬಿಕೆ ತಪ್ಪು, ದಾರಿ ತೋರಿದುದು ಕನ್ನಡ ಎಂದು ಅನಂತರಾಮ್ ಅವರೂ ಹೇಳಿದ್ದಾರೆ. ತಮಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂಬ ವಿಷಾದ ಅವರದು.

ಇತಿಹಾಸದ ವಿನೋದವೊಂದು ಇನ್ನೂ ಉಳಿದಿದೆ. ಅಮೆರಿಕೆಯ ಆ ಮೂಲಮಾಲೆ ತನ್ನ ಎಣಿಕೆಯನ್ನು 501ರಿಂದ ತೊಡಗಿತ್ತು. ‘ಅಮರ ಚಿತ್ರಕಥೆ’ಯನ್ನು ಮರುಮುದ್ರಿಸಿದಾಗ ‘ಕೃಷ್ಣ’ಕ್ಕೆ ದೊರೆತ ಹೊಸ ಕ್ರಮಾಂಕವೂ 501. ಇದು ಕಾಕತಾಳೀಯವೇ ಇರಬಹುದು. ಆದರೆ ಇದರಿಂದ ಹಳೆಯ 11 ಮುಖಪುಟದಿಂದ ಅಳಿಸಿಹೋಯಿತು. ಹತ್ತು ಕನ್ನಡ ಪುಸ್ತಿಕೆಗಳು ಹಿಂದೆ ಇದ್ದವೆಂದು ಸಾರುತ್ತಿದ್ದ ಸಾಕ್ಷ್ಯವೂ ಹೊಸ ಪ್ರತಿಗಳಲ್ಲಿ ಇಲ್ಲವಾಯಿತು.

ಈ ದೃಷ್ಟಿಯಿಂದ, ಕಾಚಿಗುಡ ಮೊದಲಾದ ಕಡೆಗಳ ಹಳೆಯ ಕನ್ನಡ ಮನೆಗಳ ಅಟ್ಟದ ಪೆಟ್ಟಿಗೆಗಳೂ ಶೋಧನೆಗೆ ಅರ್ಹವಾದುವು. ಅಲ್ಲಿ ಕನ್ನಡವನ್ನಾಡುವ ಸಿಂಡರೆಲಾ ಅಥವಾ ಪಿನೋಕಿಯೋ ದೊರೆತರೆ, ಹಾಳೆಗಳು ಹರಿದಿದ್ದರೂ ಚಿಂತೆಯಿಲ್ಲ. ಮುಖಪುಟದ ಕ್ರಮಾಂಕವನ್ನೂ ಒಳಪುಟದಲ್ಲಿ ಮುದ್ರಕರ ಹೆಸರಿದ್ದರೆ ಅದನ್ನೂ ಮೊದಲು ಬರೆದಿಟ್ಟುಕೊಳ್ಳುವುದು ಮೇಲು.