ದಪ್ಪಗಾದ ಹೃದಯಭಿತ್ತಿ: ಒಂದು ಕೌಟುಂಬಿಕ ಕಾಯಿಲೆಯ ಚರಿತ್ರೆ

ಆಟದ ಮೈದಾನದಲ್ಲಿ ಗಟ್ಟಿಮುಟ್ಟಾದ ಹುಡುಗನೊಬ್ಬ ಕುಸಿದು ಅಸುನೀಗಿದ ಸುದ್ದಿಯನ್ನು ನೀವು ಓದಿರಬಹುದು. ಗುಬ್ಬಿಯಲ್ಲಾಗಲಿ ಕುಣಿಗಲ್‌ನಲ್ಲಾಗಲಿ ಇಂಥ ಸಾವನ್ನು ಹಣೆಬರಹ ಎಂದುಬಿಡುತ್ತೇವೆ. ಆದರೆ 'ಅವನ ಚಿಕ್ಕಪ್ಪನೂ ಹೀಗೇ ಹೋದ' ಎಂದು ಯಾರಾದರೂ ಹೇಳಿದರೆ ಕಿವಿಗೊಡಿ. ಆ ಮಾತಿನಲ್ಲೊಂದು ಸುಳಿವಿದೆ.

1958ರಲ್ಲಿ ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟೀಯರ್ ಎಂಟು ಮಂದಿ ಕಿರಿಯರ ಹೃದಯಗಳನ್ನು ವರ್ಣಿಸಿದರು. ಅವರಲ್ಲಿ ಹೆಚ್ಚಿನವರು ಹಠಾತ್ತನೆ ಸತ್ತಿದ್ದರು. ಎಡ ಹೃತ್ಕುಕ್ಷಿಯ ನಡುಗೋಡೆ ಒಂದೆಡೆ ಅತಿಯಾಗಿ ದಪ್ಪಗಾಗಿತ್ತು. ಕಾಯಿಲೆ ಕುಟುಂಬದಲ್ಲಿ ಹರಿದುಬರುತ್ತದೆಂಬುದು 1960ರ ಹೊತ್ತಿಗೆ ಸ್ಪಷ್ಟವಾಯಿತು. ತಂದೆ ಅಥವಾ ತಾಯಿಗೆ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇಕಡ 50.

ಇಲ್ಲಿ ಭೌತವಿಜ್ಞಾನಕ್ಕೂ ಕೆಲಸವಿದೆ. ಗೋಡೆ ಉಬ್ಬಿದರೆ ರಕ್ತ ಮಹಾಪಧಮನಿಗೆ ಹೋಗುವ ದಾರಿ ಇಕ್ಕಟ್ಟಾಗುತ್ತದೆ. ದ್ವಿದಳ ಕವಾಟದ ಒಂದು ದಳವೂ ಅತ್ತ ಸರಿದು ಅಡ್ಡ ಬರುತ್ತದೆ. ಇದಕ್ಕೆ ವೆಂಚುರಿ ಪರಿಣಾಮವೇ ಕಾರಣವೆಂದು ಬಹುಕಾಲ ನಂಬಿದ್ದರು. ಹರಿವು ದಳವನ್ನು ಹಿಂದಿನಿಂದ ತಳ್ಳುವುದೇ ಮುಖ್ಯವೆಂದು ನಂತರ ತಿಳಿಯಿತು. ಡಾಪ್ಲರ್ ವಿಧಾನದಿಂದ ರಕ್ತದ ವೇಗ v ತಿಳಿದರೆ ಒತ್ತಡದ ವ್ಯತ್ಯಾಸ ಸುಮಾರು 4v². ರಕ್ತದ ಸಾಂದ್ರತೆ ಘನ ಮೀಟರಿಗೆ 1060 ಕಿಲೋಗ್ರಾಂ ಎಂದಿಟ್ಟುಕೊಂಡು ಬರ್ನೌಲಿಯ ½ρv² ಅನ್ನು ಪಾದರಸದ ಮಿಲಿಮೀಟರಿಗೆ ಪರಿವರ್ತಿಸಿ ನೋಡಿ, 4 ತಾನಾಗಿ ಬರುತ್ತದೆ. ವೇಗ ಸೆಕೆಂಡಿಗೆ 4 ಮೀಟರ್ ಆದರೆ ವ್ಯತ್ಯಾಸ 64 ಮಿಲಿಮೀಟರ್! ಸಾಮಾನ್ಯವಾಗಿ 30ಕ್ಕೆ ಮುಟ್ಟಿದರೇ ಅಡಚಣೆ ಎನ್ನುತ್ತಾರೆ.

ಕಾಯಿಲೆಯ ಮೂಲ ಸಿಕ್ಕಿದ್ದು 1990ರಲ್ಲಿ. ಕೆನಡಾದ ಕ್ವಿಬೆಕ್‌ನ ಒಂದು ಕುಟುಂಬವನ್ನು ಅಭ್ಯಸಿಸಿದ ಸೈಡ್‌ಮನ್ ದಂಪತಿಯ ತಂಡ ಸ್ನಾಯುವಿನ ಮಯೋಸಿನ್ ಪ್ರೋಟೀನಿನ ಜೀನಿನಲ್ಲಿ ದೋಷವನ್ನು ಗುರುತಿಸಿತು. 2003ರಲ್ಲಿ ಭಾರತೀಯ ಕುಟುಂಬಗಳಲ್ಲಿ ಇನ್ನೊಂದು ಜೀನಿನ 25 ಬೇಸ್ ಜೋಡಿಗಳ ಲೋಪ ಕಂಡುಬಂತು. 2009ರಲ್ಲಿ ಧಂಡಪಾಣಿ, ತಂಗರಾಜ್ ಮತ್ತು ಸಂಗಡಿಗರು ಈ ಲೋಪ ಸುಮಾರು ಶೇಕಡ 4 ಭಾರತೀಯರಲ್ಲಿದೆ ಎಂದು ವರದಿ ಮಾಡಿದರು. ಧಂಡಪಾಣಿ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಈ ಬಗೆಯ ಕಾಯಿಲೆಗಳ ಅಧ್ಯಯನ ಮುಂದುವರಿಸಿದರು.

ಈ ಸರಾಸರಿಯನ್ನು ನಮ್ಮೂರಿಗೂ ಅನ್ವಯಿಸಿದರೆ ತುಮಕೂರಿನ 50 ಮಕ್ಕಳ ತರಗತಿಯಲ್ಲಿ ಇಬ್ಬರಲ್ಲಿ ಲೋಪವಿರಬಹುದು. ಹೆದರಬೇಕೆ? 2018 ಮತ್ತು 2020ರ ಅಧ್ಯಯನಗಳು ಲೆಕ್ಕವನ್ನು ತಿದ್ದಿದವು. ಲೋಪವೊಂದೇ ಇದ್ದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದಿಲ್ಲ. ಅದೇ ಜೀನಿನಲ್ಲಿ ಮತ್ತೊಂದು ಬದಲಾವಣೆಯನ್ನೂ ಹೊತ್ತ ಕೆಲವರಲ್ಲೇ ಅಪಾಯ ಹೆಚ್ಚು. ಒಂದು ಅಂಕಿಯನ್ನು ಅದರ ಸಂದರ್ಭದಿಂದ ಕಿತ್ತು ಹೇಳಬಾರದೆಂಬುದಕ್ಕೆ ಇದು ಒಳ್ಳೆಯ ಪಾಠ.

ಹಾಗೆಂದು ಕುಟುಂಬದ ಕಥೆಯನ್ನು ಕಡೆಗಣಿಸುವಂತಿಲ್ಲ. ಒಬ್ಬರಲ್ಲಿ ಕಾಯಿಲೆ ಪತ್ತೆಯಾದರೆ ಅವರ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳು ಇಸಿಜಿ, ಎಕೋ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗೋಡೆ ತಡವಾಗಿಯೂ ದಪ್ಪಗಾಗಬಹುದು; ಆದ್ದರಿಂದ ಒಮ್ಮೆ ಸರಿಯಿದ್ದರೂ ವೈದ್ಯರು ಹೇಳಿದ ಅವಧಿಗೆ ಮತ್ತೆ ಪರೀಕ್ಷೆ ಬೇಕು. ಔಷಧಿ, ಶಸ್ತ್ರಚಿಕಿತ್ಸೆ, ಹಠಾತ್ ಸಾವನ್ನು ತಡೆಯಬಲ್ಲ ಅಳವಡಿಕೆ ಸಾಧನ ಎಲ್ಲವೂ ಇಂದು ಇವೆ.

ಶಿಕ್ಷಕರೇ, ಓಡುವಾಗ ತಲೆಸುತ್ತಿ ಬಿದ್ದ ಮಗುವನ್ನು 'ಬೆಳಗ್ಗೆ ತಿಂಡಿ ತಿಂದಿಲ್ಲ' ಎಂದು ಸುಮ್ಮನೆ ಕೂರಿಸಬೇಡಿ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೇ ಎಂದು ಹೆತ್ತವರನ್ನು ಕೇಳಿ, ವೈದ್ಯರ ಬಳಿಗೆ ಕಳುಹಿಸಿ.